ಕುಟ್ಟೆ ಹಿಡಿದ ಅಕ್ಕಿಯಲ್ಲಿ ನೀರುದೋಸೆ ಏಕೆ ಹರಿಯುತ್ತದೆ?

ಆಟಿ (ಆಷಾಢದ ಹೊತ್ತಿನ ತುಳು ತಿಂಗಳು) ಮಳೆಯಲ್ಲಿ ಮಂಗಳೂರು, ಉಡುಪಿಯ ಮನೆಗಳ ಬೆಳ್ತಿಗೆ (ಭತ್ತ ಕುದಿಸದೆ ಮಾಡಿದ ಬಿಳಿ) ಅಕ್ಕಿಯ ಡಬ್ಬಿ ತೆರೆದರೆ ಕಂದು ಹುಳಗಳು ಹರಿದಾಡುವುದು ಸಾಮಾನ್ಯ. ಗೆರಸೆಯಲ್ಲಿ ಕೇರಿ, ತೊಳೆದು, ನೆನೆಸಿ ಅರೆಯುತ್ತೇವೆ. ಹುಳ ಹೋಗಿರುತ್ತದೆ, ಆದರೂ ದೋಸೆ ಕಾವಲಿಯಿಂದ ಏಳುವುದಿಲ್ಲ. ಎದ್ದರೆ ನಡುವೆ ಹರಿಯುತ್ತದೆ.

ಈ ಕುಟ್ಟೆ ಹುಳದ ಶಾಸ್ತ್ರೀಯ ಹೆಸರು ಸೈಟೋಫಿಲಸ್ ಒರೈಜೆ, ಉದ್ದ 2ರಿಂದ 3 ಮಿಲಿಮೀಟರ್. ಹೆಣ್ಣು ಹುಳ ಚೂಪು ಮೂತಿಯಿಂದ ಕಾಳು ಕೊರೆದು, ಒಳಗೆ ಮೊಟ್ಟೆಯಿಟ್ಟು, ಅಂಟಿನಂಥ ದ್ರವದಿಂದ ತೂತು ಮುಚ್ಚುತ್ತದೆ. ಮುಚ್ಚಿದ ಗುರುತು ಬರಿಗಣ್ಣಿಗೆ ಸಿಗುವುದೇ ಇಲ್ಲ. ಮರಿ ಒಳಗೇ ಕೂತು ಪಿಷ್ಟ ತಿಂದು, ಅಲ್ಲೇ ಕೋಶವಾಗಿ, ಕರಾವಳಿಯ ಸೆಕೆ ಮತ್ತು ತೇವದಲ್ಲಿ ಸುಮಾರು ಒಂದು ತಿಂಗಳಿಗೆ ಹುಳವಾಗಿ ಹೊರಬೀಳುತ್ತದೆ. ನಮಗೆ ಕಾಣುವ ತೂತು ಅದು ಹೊರಬಂದ ದಾರಿ. ಹಾಗಾಗಿ ಎಷ್ಟೇ ಚೆನ್ನಾಗಿ ಕೇರಿದರೂ ಮರಿಗಳು ಅಕ್ಕಿಯೊಳಗೇ ಉಳಿಯುತ್ತವೆ.

ನೀರುದೋಸೆಗೆ ಉದ್ದಿಲ್ಲ, ಹುಳಿ ಬರಿಸುವುದೂ ಇಲ್ಲ. ಅಷ್ಟು ತೆಳ್ಳಗಿನ ದೋಸೆಯನ್ನು ಹಿಡಿದಿಡುವುದು ಬಿಸಿಗೆ ಉಬ್ಬಿ ಒಂದಕ್ಕೊಂದು ಅಂಟುವ ಅಕ್ಕಿಯ ಪಿಷ್ಟ. ಅದೇ ಕಡಿಮೆಯಾದರೆ ಬೇರೆ ಆಸರೆಯಿಲ್ಲ. ಲೋಟದಲ್ಲಿ ಅಳೆಯುವಾಗ ಟೊಳ್ಳು ಕಾಳೂ ಜಾಗ ತುಂಬುತ್ತದೆ. ಲೋಟ ತುಂಬಿದರೂ ತೂಕ ಕಮ್ಮಿ. ನೀರನ್ನು ಮಾತ್ರ ಎಂದಿನ ಅಳತೆಯಲ್ಲೇ ಸುರಿಯುತ್ತೇವೆ. ಕೊರೆದ ಕಾಳು ತೊಳೆಯುವಾಗಲೇ ಹುಡಿಯಾಗಿ, ಅದರ ಪಿಷ್ಟ ಅಕ್ಕಚ್ಚಿನ ಜೊತೆ ಹೋಗಿಬಿಡುತ್ತದೆ. ಕಾಳಿನಲ್ಲಿ ಉಳಿದ ಹುಳದ ಹಿಕ್ಕೆಯಲ್ಲಿ ಯೂರಿಕ್ ಆಮ್ಲವೆಂಬ ಕಲ್ಮಷವಿದೆ. ಕಾಳಿನ ಕೊಬ್ಬು ಒಡೆದು ಕಮಟು ವಾಸನೆಯೂ ಸೇರುತ್ತದೆ. ಕಾಯಿತುರಿ ಹಾಕಿದರೂ ಅದು ಅಡಗದು.

ನೆನೆಸುವ ಮೊದಲೇ ಪರೀಕ್ಷಿಸಿ. 100 ಕಾಳು ಎಣಿಸಿ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಆಮೇಲೂ ತೇಲುವವು ಟೊಳ್ಳು. ಹತ್ತಕ್ಕಿಂತ ಹೆಚ್ಚು ತೇಲಿದರೆ ಆ ಅಕ್ಕಿ ದೋಸೆಗೆ ಬೇಡವೇ ಬೇಡ. ಎರಡು ಮೂರು ತೇಲಿದರೆ ತೇಲಿದ್ದನ್ನೆಲ್ಲ ಚೆಲ್ಲಿ, ಉಳಿದದ್ದನ್ನು ನುಣ್ಣಗೆ ಅರೆದು, ಹಿಟ್ಟನ್ನು ಮೊದಲು ತುಸು ದಪ್ಪವೇ ಇಡಿ. ಒಂದು ದೋಸೆ ಹೊಯ್ದು ನೋಡಿ ಆಮೇಲೆ ನೀರು ಸೇರಿಸಿ. ಪಿಷ್ಟ ತಳಕ್ಕಿಳಿಯುವುದರಿಂದ ಪ್ರತಿ ಸೌಟಿಗೂ ತಳದಿಂದ ಕಲಕಲೇಬೇಕು.

ಬೆಳ್ತಿಗೆ ಅಕ್ಕಿಯನ್ನು ಸುಡುಬಿಸಿಲಿಗೆ ಹರಡುವುದು ಒಳ್ಳೆಯದಲ್ಲ. ದೊಡ್ಡ ಹುಳಗಳು ಓಡುತ್ತವೆ, ಮರಿಗಳು ಒಳಗೇ ಉಳಿಯಬಹುದು. ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ. ಬೇವಿನೆಲೆ, ಒಣಮೆಣಸಿಗೂ ಒಳಗಿನ ಮರಿ ಸಾಯದು. ಹೊಸದಾಗಿ ತಂದ ಅಕ್ಕಿಯನ್ನು ಒಂದೊಂದು ಕಿಲೋದ ಬಿಗಿ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಒಂದು ವಾರ ಇಟ್ಟರೆ ಮೊಟ್ಟೆಯೂ ಮರಿಯೂ ಸಾಯುತ್ತವೆ. ಹೊರತೆಗೆದ ಕೂಡಲೇ ಪೊಟ್ಟಣ ಬಿಚ್ಚಬೇಡಿ. ತಣ್ಣನೆಯ ಕಾಳಿಗೆ ಮಳೆಗಾಲದ ಗಾಳಿ ತಗುಲಿದರೆ ಮೈಯೆಲ್ಲ ಬೆವರಿ ಬೂಸ್ಟು ಹಿಡಿಯುತ್ತದೆ. ಪೊಟ್ಟಣದ ತಣ್ಪು ಪೂರ್ತಿ ಹೋದ ಮೇಲೆಯೇ ಬಿಚ್ಚಿ, ಒಣ ಡಬ್ಬಿಗೆ, ಬಾಯಿವರೆಗೆ ತುಂಬಿ.