ಪುಟದಲ್ಲಿ ಆಬ್ಜೆಕ್ಟ್ ಹೇಗೆ ಕಾಣಬೇಕು: ತೀರ್ಮಾನ ಯಾರದು?

ವೆಬ್ ಪುಟದ ಅಚ್ಚಾದ ಟೆಂಪ್ಲೇಟಿನೊಳಗೆ ಒಂದು ದಿನಾಂಕದ ವೇರಿಯಬಲ್ ಇಟ್ಟಿದ್ದೀರಿ ಎನ್ನಿ. ಪುಟದಲ್ಲಿ ಮೂಡುವುದು ‘14-3-2024’ ಎಂದೋ, ‘2024ರ ಮಾರ್ಚ್ 14’ ಎಂದೋ, ಇಲ್ಲ ಗಂಟೆ, ನಿಮಿಷ, ಟೈಮ್‌ಝೋನ್ ಎಲ್ಲ ಅಂಟಿಕೊಂಡ ಉದ್ದನೆಯ ಸಾಲೋ?

ಮೊದಮೊದಲು ಎಲ್ಲರೂ ಆಬ್ಜೆಕ್ಟನ್ನೇ, ಅಂದರೆ ಪ್ರೋಗ್ರಾಮಿನೊಳಗೆ ಆ ದಿನಾಂಕವನ್ನು ಹಿಡಿದಿಟ್ಟ ಘಟಕವನ್ನೇ ಕೇಳುತ್ತಿದ್ದರು. ಜಾವಾದಲ್ಲಿ ಟುಸ್ಟ್ರಿಂಗ್, ರೂಬಿಯಲ್ಲಿ ಟುಎಸ್ ಎಂಬ ಮೆಥಡ್ (ಆಬ್ಜೆಕ್ಟಿಗೆ ಹೇಳಿ ಮಾಡಿಸುವ ಕೆಲಸ) ಕೊಟ್ಟ ಪಠ್ಯವೇ ಪುಟಕ್ಕೆ ಹೋಗುತ್ತಿತ್ತು. ತೊಡಕು ಏನೆಂದರೆ, ಲಾಗ್ ಫೈಲಿಗೂ ಡಿಬಗ್ಗರಿಗೂ ಬೇಕಾದದ್ದು ಅದೇ ಮೆಥಡ್. ಪುಟ ಚೆನ್ನಾಗಿ ಕಾಣಲೆಂದು ಅದರಲ್ಲಿ ಎಚ್‌ಟಿಎಂಎಲ್ ಟ್ಯಾಗ್ ತುರುಕಿದರೆ ಲಾಗಿನಲ್ಲೂ ಟ್ಯಾಗ್ ಬಂದು ಕೂರುತ್ತದೆ.

ಈ ಗಂಟನ್ನು ಬಹಳ ಅಚ್ಚುಕಟ್ಟಾಗಿ ಬಿಡಿಸಿದ್ದು ಸ್ಟ್ರಿಂಗ್‌ಟೆಂಪ್ಲೇಟ್ ಎಂಬ ಟೆಂಪ್ಲೇಟ್ ಎಂಜಿನ್ ಎಂದು ನನ್ನ ಅಭಿಪ್ರಾಯ. ಅದನ್ನು ರೂಪಿಸಿದ ಟೆರೆನ್ಸ್ ಪಾರ್ 2004ರ ಪ್ರಬಂಧದಲ್ಲಿ ಕಟ್ಟುನಿಟ್ಟಿನ ಗೆರೆ ಎಳೆದರು: ಟೆಂಪ್ಲೇಟ್ ಲೆಕ್ಕಾಚಾರ ಮಾಡಕೂಡದು, ಮಾಹಿತಿಯನ್ನು ಹಿಡಿದಿಡುವ ಭಾಗವಾದ ಮಾಡೆಲ್‌ಗೆ ಎಚ್‌ಟಿಎಂಎಲ್ ಗೊತ್ತಿರಕೂಡದು. ಹಾಗಾದರೆ ದಿನಾಂಕಕ್ಕೆ ರೂಪ ಕೊಡುವವರು ಯಾರು? ಇಬ್ಬರೂ ಅಲ್ಲ, ನಡುವೆ ನಿಲ್ಲುವ ರೆಂಡರರ್. ‘ಈ ಕ್ಲಾಸಿನ ಆಬ್ಜೆಕ್ಟ್ ಬಂದರೆ ಈ ರೆಂಡರರನ್ನು ಕೇಳು’ ಎಂದು ಒಮ್ಮೆ ನೋಂದಾಯಿಸಿದರೆ ಸಾಕು. ಭಾಷೆ ಬದಲಾದಾಗ ರೆಂಡರರ್ ಬದಲಾಗುತ್ತದೆ. ಟೆಂಪ್ಲೇಟಿನಲ್ಲಿ ಆ ದಿನಾಂಕದ ಜಾಗವನ್ನು ಮುಟ್ಟಬೇಕಿಲ್ಲ, ಮಾಡೆಲನ್ನೂ ಮುಟ್ಟಬೇಕಿಲ್ಲ.

ಅಷ್ಟರಲ್ಲಿ ಭದ್ರತೆಯ ಚಿಂತೆ ಶುರುವಾಯಿತು. ಬಳಕೆದಾರರು ತುಂಬಿದ ಹೆಸರಿನಲ್ಲಿ ಸ್ಕ್ರಿಪ್ಟ್ ಅಡಗಿದ್ದರೆ? ವೆಬ್ ಫ್ರೇಮ್‌ವರ್ಕ್‌ಗಳಾದ 2008ರ ಜಾಂಗೋ 1.0, 2010ರ ರೈಲ್ಸ್ 3 ಎರಡೂ ಹೊರಬೀಳುವ ಪಠ್ಯವನ್ನು ತಾವಾಗಿಯೇ ಎಸ್ಕೇಪ್ ಮಾಡತೊಡಗಿದವು, ಅಂದರೆ ಅದರೊಳಗಿನ ಟ್ಯಾಗ್ ಕೆಲಸ ಮಾಡದೆ ಬರೀ ಅಕ್ಷರವಾಗಿ ಕಾಣುವಂತೆ ಬದಲಿಸತೊಡಗಿದವು. ನಿಜಕ್ಕೂ ಎಚ್‌ಟಿಎಂಎಲ್ ಕೊಡಬೇಕಾದ ಆಬ್ಜೆಕ್ಟಿಗೆ ಈಗ ಒಂದು ಗುರುತುಚೀಟಿ ಬೇಕಾಯಿತು. ರೈಲ್ಸ್‌ನಲ್ಲಿ ಅದು ಎಚ್‌ಟಿಎಂಎಲ್‌ಸೇಫ್. ಪೈಥಾನ್‌ನ ಜಿಂಜಾ ಎಂಬ ಟೆಂಪ್ಲೇಟ್ ಎಂಜಿನ್ನಿನಲ್ಲಿ ಹೆಸರಿನ ಎರಡು ಬದಿಗೂ ಜೋಡಿ ಅಂಡರ್‌ಸ್ಕೋರ್ ಇರುವ ಎಚ್‌ಟಿಎಂಎಲ್ ಮೆಥಡ್. ಇಲ್ಲಿ ಹೆಸರು ನೋಡಿ ಮೋಸ ಹೋಗುವವರು ಬಹಳ. ಈ ಗುರುತು ಪಠ್ಯವನ್ನು ಶುದ್ಧ ಮಾಡುವುದಿಲ್ಲ, ಪರೀಕ್ಷಿಸುವುದೂ ಇಲ್ಲ. ‘ಇದನ್ನು ನಂಬು’ ಎನ್ನುತ್ತದೆ, ಅಷ್ಟೇ. ಹೊರಗಿನಿಂದ ಬಂದ ಪಠ್ಯಕ್ಕೆ ಅದನ್ನು ಅಂಟಿಸಿದರೆ ಬಾಗಿಲು ತೆರೆದಿಟ್ಟಂತೆಯೇ.

ಮುಂದೆ ಬಂದದ್ದು ಫೈಲಿನ ದಾರಿ. ಮೈಕ್ರೋಸಾಫ್ಟ್‌ನ ವೆಬ್ ಫ್ರೇಮ್‌ವರ್ಕ್ ಎಎಸ್‌ಪಿ ಡಾಟ್ ನೆಟ್ ಎಂವಿಸಿ 2ರಲ್ಲಿ ಡಿಸ್‌ಪ್ಲೇಟೆಂಪ್ಲೇಟ್ಸ್ ಎಂಬ ಫೋಲ್ಡರಿಗೆ ಟೈಪಿನ ಹೆಸರಿನ ಫೈಲ್ ಹಾಕಿದರೆ ಆ ಟೈಪಿಗೆ ಅದೇ ರೂಪ. 2012ರ ರೈಲ್ಸ್ 3.2ರಲ್ಲಿ ಆಬ್ಜೆಕ್ಟ್ ತನ್ನ ಪಾರ್ಶಿಯಲ್ ಫೈಲ್ (ಪುಟದ ಒಂದು ತುಣುಕಿನ ಟೆಂಪ್ಲೇಟ್) ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಎಚ್‌ಟಿಎಂಎಲ್ ಗೊಡವೆ ಅದಕ್ಕಿಲ್ಲ.

2020ರ ರೈಲ್ಸ್ 6.1ರಲ್ಲಿ ರೆಂಡರ್‌ಇನ್ ಎಂಬ ಮೆಥಡ್ ಬಂದಾಗ ಅಧಿಕಾರ ಮತ್ತೆ ಆಬ್ಜೆಕ್ಟಿನ ಕೈಗೆ ಹೋಯಿತು: ಆ ಮೆಥಡ್ ಇದ್ದರೆ ಆಬ್ಜೆಕ್ಟ್ ತಾನೇ ಎಚ್‌ಟಿಎಂಎಲ್ ಕೊಡುತ್ತದೆ. ಇದರ ಹಿಂದೆ ಇದ್ದದ್ದು ಗಿಟ್‌ಹಬ್ ಕಂಪನಿಯಲ್ಲಿ ಬೆಳೆದ ವ್ಯೂಕಾಂಪೊನೆಂಟ್, ಪುಟದ ತುಣುಕುಗಳನ್ನು ಕಾಂಪೊನೆಂಟ್ ಎಂಬ ಆಬ್ಜೆಕ್ಟ್‌ಗಳಾಗಿ ಕಟ್ಟುವ ಲೈಬ್ರರಿ. ಇದು ಹಳೆಯ ತಪ್ಪಿನ ಮರುಕಳಿಕೆ ಎಂದು ನನಗನ್ನಿಸುವುದಿಲ್ಲ. ಕಾಂಪೊನೆಂಟ್ ಹುಟ್ಟುವುದೇ ತೋರಿಸುವ ಕೆಲಸಕ್ಕೆ. ದಿನಾಂಕವನ್ನು ಅದು ಒಳಗಿಟ್ಟುಕೊಳ್ಳುತ್ತದೆ, ದಿನಾಂಕ ಮಾತ್ರ ದಿನಾಂಕವಾಗಿಯೇ ಉಳಿಯುತ್ತದೆ. ಅದೇ ಮೆಥಡ್ಡನ್ನು ಡೇಟಾಬೇಸಿನ ಮಾಡೆಲಿಗೆ ಸೇರಿಸಿದರೆ ಮಾತ್ರ ಟುಸ್ಟ್ರಿಂಗ್ ಕಾಲದ ಗಂಟು ಮತ್ತೆ ಬೀಳುತ್ತದೆ.