ಹೊರಟಲ್ಲಿಗೇ ಬಂದರೆ ನಡೆದದ್ದೆಲ್ಲ ಸೊನ್ನೆಯೇ?

ಓದುಗರ ಪ್ರಶ್ನೆ: ನಾವು ಹೊರಟ ಜಾಗಕ್ಕೇ ಮರಳಿದರೆ ಸ್ಥಾನಪಲ್ಲಟ ಸೊನ್ನೆ ಎಂದು ಮಗಳ ವಿಜ್ಞಾನ ಪುಸ್ತಕದಲ್ಲಿದೆ. ಹಾಗಾದರೆ ದಿನವೂ ಲಾಲ್‌ಬಾಗ್ ಸುತ್ತಿ ಮನೆಗೆ ಬರುವ ನನ್ನ ಶ್ರಮಕ್ಕೆ ಲೆಕ್ಕವೇ ಇಲ್ಲವೇ? ರಸಾಯನಶಾಸ್ತ್ರದಲ್ಲೂ ಸ್ಥಾನಪಲ್ಲಟ ಇದೆ, ಮನಶ್ಶಾಸ್ತ್ರದಲ್ಲೂ ಇದೆಯಂತೆ. ಅಣೆಕಟ್ಟಿಗಾಗಿ ಊರು ಬಿಟ್ಟವರ ಬಗ್ಗೆಯೂ ಅದೇ ಮಾತು ಬರುತ್ತದೆ. ಇವೆಲ್ಲ ಒಂದೇ ವಿಷಯವೇ?

ಉತ್ತರ: ಒಂದಲ್ಲ, ಎರಡು. ಭೌತಶಾಸ್ತ್ರದ ಸ್ಥಾನಪಲ್ಲಟ ಒಂದು ಅಳತೆ. ವಸ್ತು ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂಬುದಷ್ಟೇ ಅದಕ್ಕೆ ಬೇಕು. ಉಳಿದ ಕಡೆಗಳಲ್ಲಿ ಅದು ಒಂದು ಘಟನೆ. ಅಲ್ಲಿ ಏನೋ ಒಂದು ಬಂದು ಇನ್ನೊಂದನ್ನು ಅದರ ಜಾಗದಿಂದ ತಳ್ಳಿರುತ್ತದೆ.

ಅಳತೆಯಿಂದಲೇ ಆರಂಭಿಸೋಣ. ನಮ್ಮ ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ 43.49 ಕಿ.ಮೀ. ಇದೆ. ಆ ತುದಿಯಿಂದ ಈ ತುದಿಗೆ ಬಂದ ಪ್ರಯಾಣಿಕರು ಕ್ರಮಿಸಿದ ದೂರ ಅಷ್ಟು. ಎರಡು ತುದಿಗಳ ನಡುವೆ ನಕ್ಷೆಯ ಮೇಲೆ ಸರಳರೇಖೆ ಎಳೆದರೆ ಅದು 35 ಕಿ.ಮೀ.ಗಿಂತ ಕಡಿಮೆ, ದಿಕ್ಕು ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿದಂತೆ. ಆ ರೇಖೆ ಮತ್ತು ಅದರ ದಿಕ್ಕು ಸೇರಿದರೆ ಸ್ಥಾನಪಲ್ಲಟ. ಮಗಳಿಗೆ ಒಂದು ಮಾತು ಹೇಳಿ: ಉತ್ತರದಲ್ಲಿ ದಿಕ್ಕು ಬರೆಯದೆ ಬಿಟ್ಟರೆ ಅದು ಅರ್ಧ ಉತ್ತರ. ಅದೇ ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಮರಳಿದರೆ ದೂರ 87 ಕಿ.ಮೀ.ಗೆ ಹತ್ತಿರವಾಗುತ್ತದೆ, ಸ್ಥಾನಪಲ್ಲಟ ಸೊನ್ನೆಯಾಗುತ್ತದೆ.

ಇನ್ನು ನಿಮ್ಮ ಶ್ರಮದ ವಿಷಯ. “ಸ್ಥಾನಪಲ್ಲಟ ಸೊನ್ನೆ, ಆದ್ದರಿಂದ ಮಾಡಿದ ಕೆಲಸವೂ ಸೊನ್ನೆ” ಎಂದು ಕೆಲವು ತರಗತಿಗಳಲ್ಲಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಹಾಗೆ ಹೇಳಕೂಡದು. ಬಲದ ಪ್ರಮಾಣ ಮತ್ತು ದಿಕ್ಕು ಎರಡೂ ದಾರಿಯುದ್ದಕ್ಕೂ ಬದಲಾಗದೇ ಇದ್ದರೆ ಆ ಲೆಕ್ಕ ಸರಿ, ಎಲ್ಲ ಬಲಗಳಿಗೂ ಅದು ಹೊಂದುವುದಿಲ್ಲ. ಲಾಲ್‌ಬಾಗ್ ಬಂಡೆಯನ್ನೇ ನೋಡಿ. ಯಾವ ಬದಿಯಿಂದ ಹತ್ತಿದರೂ, ನೇರವಾಗಿ ಹತ್ತಿದರೂ ಸುತ್ತಿ ಬಳಸಿ ಹತ್ತಿದರೂ ಮೇಲಿನ ಕೆಂಪೇಗೌಡ ಗೋಪುರದ ಬಳಿ ನಿಂತಾಗ ಗುರುತ್ವಬಲದ ಲೆಕ್ಕ ಒಂದೇ. ಅದು ಎತ್ತರವನ್ನು ಮಾತ್ರ ಎಣಿಸುತ್ತದೆ. ಕೆಳಗಿಳಿದರೆ ಆ ಲೆಕ್ಕ ಸರಿಹೋಗಿ ಸೊನ್ನೆಯಾಗುತ್ತದೆ. ಆದರೆ ನಿಮ್ಮ ಸ್ನಾಯುಗಳು ಹತ್ತುವಾಗ ಖರ್ಚು ಮಾಡಿದ್ದನ್ನು ಇಳಿಯುವಾಗ ಯಾರೂ ಹಿಂದಿರುಗಿಸುವುದಿಲ್ಲ. ಇಳಿಯುವಾಗಲೂ ದೇಹ ಜಾರದಂತೆ ತಡೆದು ಹಿಡಿಯಲು ಅವು ಶಕ್ತಿ ವ್ಯಯಿಸುತ್ತವೆ, ಅದು ಶಾಖವಾಗಿ ಹೊರಹೋಗುತ್ತದೆ. ಆಟೊ ಊರೆಲ್ಲ ಸುತ್ತಿ ನಿಲ್ದಾಣಕ್ಕೇ ಮರಳಿದರೂ ಇಂಧನ ಮುಗಿದಿರುತ್ತದಲ್ಲ, ಕಾರಣ ಅದೇ. ಗಾಳಿಯ ತಡೆ, ಚಕ್ರಗಳ ತಡೆ, ಎಂಜಿನ್ನಿನ ಶಾಖ, ಇವು ಸಾಗಿದ ದಾರಿಯನ್ನೆಲ್ಲ ಎಣಿಸುತ್ತವೆ. ಆದ್ದರಿಂದ ನಿಮ್ಮ ನಡಿಗೆಗೆ ಲೆಕ್ಕವಿದೆ. ಅದನ್ನು ಹಿಡಿಯಲು ಸ್ಥಾನಪಲ್ಲಟ ತಕ್ಕ ಅಳತೆಗೋಲಲ್ಲ.

ಈಗ ತಳ್ಳುವ ಬಗೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಆರ್ಕಿಮಿಡೀಸ್ ಕಂಡುಕೊಂಡ ತತ್ತ್ವ ಗೊತ್ತೇ ಇದೆ: ದ್ರವದಲ್ಲಿ ಮುಳುಗಿದ ವಸ್ತುವನ್ನು, ಅದು ತಳ್ಳಿದ ದ್ರವದ ತೂಕದಷ್ಟೇ ಬಲ ಮೇಲಕ್ಕೆತ್ತುತ್ತದೆ. 2022ರಲ್ಲಿ ನೌಕಾಪಡೆ ಸೇರಿದ ವಿಕ್ರಾಂತ್ ಸುಮಾರು 45,000 ಟನ್ನಿನದು ಎಂದಾಗ ಅಷ್ಟು ತೂಕದ ನೀರನ್ನು ಅದು ಪಕ್ಕಕ್ಕೆ ಸರಿಸಿ ತೇಲುತ್ತದೆ ಎಂದರ್ಥ. ಬೈಕ್ ಕೊಳ್ಳುವಾಗ ವಿಚಾರಿಸುವ ‘ಸಿಸಿ’ಯೂ ಈ ಕುಟುಂಬದ್ದೇ. ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದಾಗ ಸಿಲಿಂಡರಿನೊಳಗೆ ಎಷ್ಟು ಘನ ಸೆಂಟಿಮೀಟರ್ ಜಾಗವನ್ನು ಬಳಿದುಕೊಂಡು ಹೋಗುತ್ತದೆ ಎಂಬ ಅಳತೆ ಅದು.

ರಸಾಯನಶಾಸ್ತ್ರದ ಸ್ಥಾನಪಲ್ಲಟ ಕ್ರಿಯೆಗೆ ಪ್ರಯೋಗಾಲಯದ ಉದಾಹರಣೆಗಿಂತ ಅಡಿಕೆ ತೋಟದ್ದು ನನಗೆ ಇಷ್ಟ. ಮಲೆನಾಡಿನಿಂದ ಬೆಂಗಳೂರಿಗೆ ಬಂದ ಅನೇಕರಿಗೆ ಇದು ಮನೆಯ ವಿದ್ಯೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿ ತಯಾರಿಸುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲೇ ಇದನ್ನು ಅಡಿಕೆ ಬೆಳೆಗಾರರಿಗೆ ಶಿಫಾರಸು ಮಾಡಿದ್ದರು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು. ಆ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ದ್ರಾವಣಕ್ಕಿಳಿದು ಸಲ್ಫೇಟಿನ ಜೊತೆ ಸೇರಿಕೊಂಡು, ಅಲ್ಲಿದ್ದ ತಾಮ್ರವನ್ನು ಹೊರಗೆ ತಳ್ಳುತ್ತದೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದು ಎನ್ನುವುದೂ ಇದಕ್ಕೇ.

ಮನಸ್ಸಿನ ವಿಷಯಕ್ಕೆ ಬಂದರೆ ನಮ್ಮ ಗಾದೆ ಮೊದಲೇ ಹೇಳಿಟ್ಟಿದೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಕೋಪ ಹುಟ್ಟಿಸಿದವರನ್ನು ಎದುರಿಸಲು ಭಯ, ಆದ್ದರಿಂದ ಅದು ತಿರುಗಿ ಹೊಡೆಯಲಾರದವರ ಕಡೆಗೆ ಹರಿಯುತ್ತದೆ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಈ ಕಲ್ಪನೆಯನ್ನು ಮೊದಲು ವಿವರವಾಗಿ ಬಳಸಿದ್ದು ಕನಸುಗಳ ವಿಶ್ಲೇಷಣೆಯಲ್ಲಿ. ಮನಸ್ಸನ್ನು ನಿಜವಾಗಿ ಕಾಡುವ ವಿಷಯದ ಭಾರ ಕನಸಿನಲ್ಲಿ ಯಾವುದೋ ಕ್ಷುಲ್ಲಕ ವಿವರದ ಮೇಲೆ ಬಿದ್ದಿರುತ್ತದೆ ಎಂದರು. ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ, ಆತಂಕದಿಂದ ತಪ್ಪಿಸಿಕೊಳ್ಳಲು ಮನಸ್ಸು ಹೂಡುವ ರಕ್ಷಣಾ ತಂತ್ರಗಳನ್ನು ಒಂದೆಡೆ ಕ್ರೋಡೀಕರಿಸಿದರು. ಫ್ರಾಯ್ಡ್ ಹೇಳಿದ್ದೆಲ್ಲವನ್ನೂ ಇಂದಿನ ಮನಶ್ಶಾಸ್ತ್ರ ಒಪ್ಪುವುದಿಲ್ಲ. ಕೋಪ ದಿಕ್ಕು ಬದಲಿಸುತ್ತದೆ ಎಂಬುದಕ್ಕೆ ಮಾತ್ರ ಪ್ರಯೋಗಗಳ ಬೆಂಬಲವಿದೆ. ಕೋಪವನ್ನು ದಿಂಬಿನ ಮೇಲೋ ಚೀಲದ ಮೇಲೋ ತೀರಿಸಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆಗೆ ಅಂಥ ಬೆಂಬಲವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಪ ಬರಿಸಿದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಕೋಪವೇ ಹೆಚ್ಚಿತ್ತು, ಸುಮ್ಮನೆ ಕುಳಿತವರದು ಕಡಿಮೆ. ಕಚೇರಿಯ ಸಿಟ್ಟನ್ನು ಮನೆಗೆ ತಂದು ಮಕ್ಕಳ ಮೇಲೆ ಸುರಿಯುವವರು ಇದನ್ನು ಗಮನಿಸಬೇಕು. ಮಗುವಿಗೆ ನೋವಾಗುತ್ತದೆ, ಸಿಟ್ಟೂ ಇಳಿಯುವುದಿಲ್ಲ.

ಕೊನೆಯದು ಜನರದು. ಅಧಿಕಾರಿಯ ಎತ್ತಂಗಡಿಯಾದರೆ ಕೆಲಸ, ಸಂಬಳ ಎರಡೂ ಅವರ ಜೊತೆಯಲ್ಲೇ ಹೋಗುತ್ತವೆ. ಒಕ್ಕಲೆಬ್ಬಿಸಿದವರಿಗೆ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು, ಆ ನೀರಿನಿಂದ ತಯಾರಾದ ವಿದ್ಯುತ್ತಿನಿಂದ ಬೆಂಗಳೂರಿನಲ್ಲೂ ದೀಪಗಳು ಉರಿದವು. ಆ ಕುಟುಂಬಗಳನ್ನು ಇಂದಿಗೂ ಮುಳುಗಡೆ ಸಂತ್ರಸ್ತರು ಎಂದೇ ಕರೆಯುತ್ತಾರೆ, ಏಕೆಂದರೆ ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳು ಕಳೆದರೂ ಬಗೆಹರಿಯಲಿಲ್ಲ. ಹಳೆಯ ಮನೆಯಿಂದ ಹೊಸ ಜಾಗಕ್ಕೆ ಎಷ್ಟು ಕಿ.ಮೀ. ಎಂಬ ಲೆಕ್ಕ ಇಲ್ಲಿ ಏನನ್ನೂ ತಿಳಿಸುವುದಿಲ್ಲ. ಗದ್ದೆ, ಕೂಲಿ, ನೆರೆಹೊರೆ, ದೇವಸ್ಥಾನ ಎಲ್ಲವೂ ಬೇರೆಬೇರೆಯಾಗಿ ಕಳೆದುಹೋಗಿರುತ್ತವೆ. ಕಾನೂನು ಇದನ್ನು ತಡವಾಗಿಯಾದರೂ ಗುರುತಿಸಿತು. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆ ಭೂಮಾಲೀಕರನ್ನು ಮಾತ್ರವಲ್ಲ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಭೂಮಿಯನ್ನೇ ಮುಖ್ಯ ಜೀವನೋಪಾಯವಾಗಿ ನಂಬಿದ್ದ ಕೃಷಿ ಕೂಲಿಕಾರರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ.