ಎರಡೂ ತಾಮ್ರನೇ ಅಲ್ವಾ ಸರ್?

ಪ್ರತಿ ಮಳೆಗಾಲ ನಮ್ಮ ಚಿಕ್ಕಮಗಳೂರಿನ ಎಂಎಸ್ಸಿ ಲ್ಯಾಬಿನಲ್ಲಿ ಒಬ್ಬರಾದರೂ ಫಿನಾಯಿಲ್ ತಯಾರಿಸುತ್ತಾರೆ. ಮಾಡಬೇಕಾಗಿದ್ದು ಸ್ಯಾಂಡ್‌ಮೇಯರ್ ಕ್ರಿಯೆಯಿಂದ ಪ್ಯಾರಾ-ಕ್ಲೋರೋಟಾಲೂಯಿನ್. ಅಂದರೆ ಡಯಜೋನಿಯಂ ಲವಣದಲ್ಲಿ (ಬೆಂಜೀನ್ ಉಂಗುರಕ್ಕೆ ಎರಡು ಸಾರಜನಕ ಅಂಟಿಕೊಂಡ, ಬೇಗ ಕೆಡುವ ವಸ್ತು) ಸಾರಜನಕದ ಜಾಗಕ್ಕೆ ತಾಮ್ರದ ನೆರವಿನಿಂದ ಕ್ಲೋರಿನ್ ಕೂರಿಸುವುದು. ಫ್ಲಾಸ್ಕಿನ ಹತ್ತಿರ ಹೋದರೆ ಕೊಟ್ಟಿಗೆ ತೊಳೆದ ವಾಸನೆ, ಅಂದರೆ ಫಿನಾಯಿಲ್‌ಗೆ ಆ ವಾಸನೆ ಕೊಡುವ ಕ್ರೆಸಾಲ್. ಕ್ಯುಪ್ರಸ್ ಕ್ಲೋರೈಡ್ ಬಾಟಲಿ ನೋಡಿದರೆ ಮುಚ್ಚಳ ಸಡಿಲ, ಬೆಳ್ಳಗಿರಬೇಕಾದ ಪುಡಿ ಪಾಚಿ ಹಸಿರು. ಗಾಳಿ ತಾಗಿ ಕ್ಯುಪ್ರಸ್ ತಾಮ್ರ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಕ್ಯುಪ್ರಿಕ್ ಆಗಿಬಿಟ್ಟಿದೆ.

"ಬಣ್ಣ ಬದಲಾದ್ರೆ ಏನಾಯ್ತು, ಎರಡೂ ತಾಮ್ರನೇ ಅಲ್ವಾ ಸರ್?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹೋದ ಸಲ ಕೇಳಿದವನು ಮೂಡಿಗೆರೆ ಕಡೆಯ ಹುಡುಗ, ಮನೆಯಲ್ಲಿ ಕಾಫಿ ತೋಟ. ಬೈಯುವ ಬದಲು, ಅವರು ಗಿಡಕ್ಕೆ ಸಿಂಪಡಿಸುವ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣದ ಬಗ್ಗೆ ಒಂದು ಮಾತು ಕೇಳಿದೆ. "ಬೋರ್ಡೋಗೆ ಸುಣ್ಣ ಸಾಲದಿದ್ರೆ ಹೇಗಪ್ಪಾ ಗೊತ್ತಾಗುತ್ತೆ?"

"ಚಾಕು ಅದ್ದಿ ನೋಡ್ತೀವಿ ಸರ್. ಕೆಂಪಗಾದ್ರೆ ಇನ್ನೂ ಸುಣ್ಣ ಹಾಕ್ಬೇಕು."

ಆ ಕೆಂಪು ಏನು? ತಾಮ್ರ. ಚಾಕುವಿನ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟಿತು, ಮೈಲುತುತ್ತದ ಕ್ಯುಪ್ರಿಕ್ ತಾಮ್ರ ತೆಗೆದುಕೊಂಡಿತು. ಅದು ಬೇಡುವ ಕೈ. ಸ್ಯಾಂಡ್‌ಮೇಯರ್ ಕ್ರಿಯೆಗೆ ನಮಗೆ ಬೇಕಾಗಿರುವುದು ಕೊಡುವ ಕೈ. ಕ್ಯುಪ್ರಸ್ ತಾಮ್ರದ ಹತ್ತಿರ ಒಂದು ಎಲೆಕ್ಟ್ರಾನ್ ಜಾಸ್ತಿ ಇದೆ, ಅದನ್ನು ಡಯಜೋನಿಯಂಗೆ ಕೊಡುತ್ತದೆ, ಸಾರಜನಕ ಗುಳ್ಳೆಯಾಗಿ ಹೋಗುತ್ತದೆ, ಉಳಿಯುವುದು ಬೆಂಜೀನ್ ಉಂಗುರದ ಮೇಲೆ ಒಂಟಿ ಎಲೆಕ್ಟ್ರಾನ್ ಇರುವ ಆರೈಲ್ ರ‍್ಯಾಡಿಕಲ್. ಅದಕ್ಕೆ ತಾಳ್ಮೆ ಇಲ್ಲ. ಆಗಷ್ಟೇ ಕ್ಯುಪ್ರಿಕ್ ಆದ ತಾಮ್ರದಿಂದಲೇ ಕ್ಲೋರಿನ್ ಕಿತ್ತುಕೊಳ್ಳುತ್ತದೆ. ತಾಮ್ರ ಮತ್ತೆ ಕ್ಯುಪ್ರಸ್. ಅಂದರೆ ಹಸಿರು ತಾಮ್ರಕ್ಕೂ ಇಲ್ಲಿ ಕೆಲಸ ಇದೆ, ಆದರೆ ಅದು ಎರಡನೆಯ ಹೆಜ್ಜೆಗೆ. ಮೊದಲ ಎಲೆಕ್ಟ್ರಾನ್ ಕೊಡುವವರೇ ಇಲ್ಲದಿದ್ದರೆ ಡಯಜೋನಿಯಂ ನಿಧಾನಕ್ಕೆ ನೀರಿನ ಜೊತೆ ಸೇರಿ ಕ್ರೆಸಾಲ್ ಆಗುತ್ತದೆ. 

ಎಲ್ಲ ತಪ್ಪನ್ನೂ ತಾಮ್ರದ ತಲೆಗೆ ಕಟ್ಟುತ್ತಿಲ್ಲ. ಡಯಜೋನಿಯಂ ಇಟ್ಟ ಐಸ್ ಕರಗಿ 5 ಡಿಗ್ರಿ ದಾಟಿದರೂ ಇದೇ ವಾಸನೆ ಬರುತ್ತದೆ. ಕ್ಲೋರಿನ್ ಬದಲು ಅಯೋಡಿನ್ ಸೇರಿಸುವುದಾದರೆ ತಾಮ್ರವೇ ಬೇಡ, ಪೊಟ್ಯಾಸಿಯಂ ಅಯೋಡೈಡ್ ಸಾಕು. ಮತ್ತೆ, ದಯವಿಟ್ಟು ಡಯಜೋನಿಯಂ ಲವಣವನ್ನು ಸೋಸಿ ಒಣಗಿಸಲು ಹೋಗಬೇಡಿ, ಸಿಡಿಯಬಹುದು.

ಸ್ಯಾಂಡ್‌ಮೇಯರ್ ಕೂಡ ಇದನ್ನು ಹುಡುಕಿಕೊಂಡು ಹೋಗಿರಲಿಲ್ಲ. 1884ರಲ್ಲಿ ಆ ಸ್ವಿಸ್ ರಸಾಯನಶಾಸ್ತ್ರಜ್ಞ ಡಯಜೋನಿಯಂಗೆ ತಾಮ್ರದ ಅಸಿಟಿಲೈಡ್ ಹಾಕಿ ಫಿನೈಲ್ ಅಸಿಟಿಲೀನ್ ಮಾಡಲು ಹೊರಟಿದ್ದ, ಬಂದದ್ದು ಕ್ಲೋರೋಬೆಂಜೀನ್. ಆದರೆ ಆತ ಸುಮ್ನೆ ಚೆಲ್ಲಲಿಲ್ಲ. ಫ್ಲಾಸ್ಕಿನಲ್ಲೇ ಹುಟ್ಟಿದ ಕ್ಯುಪ್ರಸ್ ಕ್ಲೋರೈಡ್‌ನ ಕೆಲಸ ಇದು ಅಂತ ಪತ್ತೆ ಮಾಡಿದ. ನಮ್ಮವರು ಸಿಂಕಿಗೆ ಸುರಿದು ಪಕ್ಕದವನ ರೀಡಿಂಗ್ ಬರೆದುಕೊಳ್ಳುತ್ತಾರೆ.

ಹುಡುಗನ ಕೈಯಲ್ಲಿ ಹೊಸ ಕ್ಯುಪ್ರಸ್ ಕ್ಲೋರೈಡ್ ಮಾಡಿಸಿದೆ. ಮೈಲುತುತ್ತ ಮತ್ತು ಉಪ್ಪಿನ ಬಿಸಿ ದ್ರಾವಣಕ್ಕೆ ಸೋಡಿಯಂ ಸಲ್ಫೈಟ್ ಹಾಕುತ್ತಾ ಹೋದಂತೆ ನೀಲಿ ಬಣ್ಣ ಹೋಗಿ ಬಿಳಿ ಪುಡಿ ತಳಕ್ಕಿಳಿಯಿತು. ಕೂಡಲೇ ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಅವತ್ತೇ ಬಳಸು ಅಂದೆ. ಕ್ಲೋರೋಟಾಲೂಯಿನ್ ಚೆನ್ನಾಗಿಯೇ ಬಂತು. ಖುಷಿಗೆ ಮಿಕ್ಕ ಪುಡಿಯನ್ನು ಬಾಟಲಿಗೆ ತುಂಬಿ, ತನ್ನ ಹೆಸರು ಬರೆದು ಕಪಾಟಿನಲ್ಲಿಟ್ಟ. ಮುಂದಿನ ತಿಂಗಳು ತೆಗೆದರೆ ಹಸಿರು.